ಥಿಂಕ್‌ಪ್ಯಾಡ್ ಎಕ್ಸ್230: ಎಸ್‌ಎಸ್‌ಡಿ ಗೆಲ್ಲಿಸಿತು, ಬ್ಯಾಟರಿ ಕಾಡಿಸಿತು

ಲೆನೊವೊ ಕಂಪನಿಯ 2012ರ ಮಾದರಿಯ ಈ ಲ್ಯಾಪ್‌ಟಾಪನ್ನು 2016ರಲ್ಲಿ ಹದಿನೇಳು ಸಾವಿರ ಕೊಟ್ಟು ಸೆಕೆಂಡ್ ಹ್ಯಾಂಡ್ ತಂದಿದ್ದೆ. ಪ್ರಶ್ನೆಪತ್ರಿಕೆ, ಅಂಕಪಟ್ಟಿ, ಶಾಲೆಯ ವಾರ್ಷಿಕ ಸಂಚಿಕೆಯ ಕರಡು ಎಲ್ಲವೂ ಇದರಲ್ಲೇ. ಕೊನೆಕೊನೆಗೆ ಗುಂಡಿ ಒತ್ತಿ, ಕೊಟ್ಟಿಗೆಗೆ ಹೋಗಿ ದನಕ್ಕೆ ಹುಲ್ಲು ಹಾಕಿ ಬಂದರೂ ಪರದೆಯ ಮೇಲೆ ಚುಕ್ಕೆಗಳು ಸುತ್ತುತ್ತಲೇ ಇರುತ್ತಿದ್ದವು. ಹೊಸದಕ್ಕೆ ನಲವತ್ತು ಸಾವಿರವಾದರೂ ಬೇಕಿತ್ತು. ಹಿಂದಿನ ಮಳೆಗಾಲದಲ್ಲಿ ತೋಟಕ್ಕೆ ಕೊಳೆರೋಗ ಬಂದು ಅಡಿಕೆಯ ಲೆಕ್ಕವೆಲ್ಲ ತಲೆಕೆಳಗಾಗಿತ್ತು. ಹಾಗಾಗಿ 2023ರ ಬೇಸಗೆ ರಜೆಯಲ್ಲಿ ಇದನ್ನೇ ಬಿಚ್ಚಲು ಕುಳಿತೆ.

ಬಿಚ್ಚುವ ಕೆಲಸವೇ ನನಗೆ ಸಿಕ್ಕ ಮೊದಲ ಖುಷಿ. ಬ್ಯಾಟರಿ ತೆಗೆದಿಟ್ಟು, ತಳದ ಒಂದೇ ಒಂದು ಸ್ಕ್ರೂ ಸಡಿಲಿಸಿ ಪಕ್ಕದ ಮುಚ್ಚಳ ತೆಗೆದರೆ ಹಾರ್ಡ್ ಡಿಸ್ಕ್ ಮೇಜಿನ ಖಾನೆಯಂತೆ ಹೊರಗೆ ಜಾರಿ ಬರುತ್ತದೆ. ಅದರ ಎರಡು ಅಂಚಿನ ರಬ್ಬರ್ ಪಟ್ಟಿಗಳನ್ನು ಕಳಚಿ, ಹಾರ್ಡ್ ಡಿಸ್ಕಿನ ಬದಲು ಹಾಕುವ, ತಿರುಗುವ ಭಾಗಗಳಿಲ್ಲದ ಹೊಸ ಎಸ್‌ಎಸ್‌ಡಿಗೆ ತೊಡಿಸಿ ಒಳಗೆ ತಳ್ಳಿದರೆ ಮುಗಿಯಿತು. ಕೊಳ್ಳುವಾಗ 7 ಮಿಲಿಮೀಟರ್ ದಪ್ಪದ್ದೇ ಬೇಕೆಂದು ಕೇಳಿ; 9.5 ಮಿಲಿಮೀಟರಿನದು ಈ ಗೂಡಿಗೆ ಹಿಡಿಸುವುದಿಲ್ಲ. ರ‍್ಯಾಮ್ (ಕೆಲಸದ ಹೊತ್ತಿನ ತಾತ್ಕಾಲಿಕ ನೆನಪು) ತಳದ ಪುಟ್ಟ ಮುಚ್ಚಳದ ಕೆಳಗಿದೆ. 500 ಜಿಬಿ ಎಸ್‌ಎಸ್‌ಡಿಗೆ ಮೂರು ಸಾವಿರ, ಬಳಸಿದ 8 ಜಿಬಿ ಡಿಡಿಆರ್3 ರ‍್ಯಾಮಿಗೆ ಒಂಬೈನೂರು ಖರ್ಚಾಯಿತು.

ಈಗ ಗುಂಡಿ ಒತ್ತಿ ಕನ್ನಡಕ ಒರೆಸಿ ಹಾಕಿಕೊಳ್ಳುವಷ್ಟರಲ್ಲಿ ತೆರೆದಿರುತ್ತದೆ. ಹಳೆಯ ಡಿಸ್ಕಿನ ಕರಕರ ಸದ್ದು ನಿಂತದ್ದು ಅದಕ್ಕಿಂತಲೂ ಹಿತ. ರಾತ್ರಿ ಎಲ್ಲರೂ ಮಲಗಿದ ಮೇಲೆ ಕೆಲಸ ಮಾಡುವ ನನಗೆ ಆ ಸದ್ದು ಅಷ್ಟು ವರ್ಷ ಹೇಗೆ ಒಗ್ಗಿತ್ತೋ ಗೊತ್ತಿಲ್ಲ. ರ‍್ಯಾಮ್ 4ರಿಂದ 12 ಜಿಬಿಗೆ ಏರಿದ್ದು ಮಾತ್ರ ನನ್ನ ಕೆಲಸಕ್ಕೆ ಅಂಥ ವ್ಯತ್ಯಾಸ ತರಲಿಲ್ಲ. ಹಣ ಬಿಗಿಯಿದ್ದರೆ ಎಸ್‌ಎಸ್‌ಡಿ ಒಂದನ್ನೇ ಹಾಕಿಸಿ.

ವಿಂಡೋಸ್ 11ಕ್ಕೆ ಎಂಟನೆಯ ತಲೆಮಾರಿನ ಇಂಟೆಲ್ ಪ್ರೊಸೆಸರ್ ಬೇಕು, ಇದರಲ್ಲಿರುವುದು ಮೂರನೆಯದು. ಅದಕ್ಕೇ ಆಗಲೇ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಎಂಬ ಉಚಿತ ಕಾರ್ಯಾಚರಣ ವ್ಯವಸ್ಥೆಯನ್ನು ಹಾಕಿದೆ. ಕೀಲಿಮಣೆಯ ಪಟ್ಟಿಯಲ್ಲಿ ಕಗಪ ಎಂಬ ಕನ್ನಡ ಟೈಪಿಂಗ್ ವಿನ್ಯಾಸ ಮೊದಲೇ ಇತ್ತು. ಬೆರಳುಗಳಿಗೆ ಹೊಸ ಪಾಠ ಬೇಕಾಗಲಿಲ್ಲ. ನುಡಿ ತಂತ್ರಾಂಶದಲ್ಲಿ ಬರೆದ ಹಳೆಯ ಆಸ್ಕಿ (ಅದರದೇ ಫಾಂಟ್ ಇದ್ದರಷ್ಟೇ ಓದಲು ಬರುವ) ಕಡತಗಳನ್ನು ಯೂನಿಕೋಡಿಗೆ ಬದಲಿಸಲು ಮಾತ್ರ ಒಂದು ವಾರ ಹಿಡಿಯಿತು.

ಇನ್ನು ಬ್ಯಾಟರಿ. ನಮ್ಮದು ತೀರ್ಥಹಳ್ಳಿಯಿಂದ ಒಳಗಿನ ಹಳ್ಳಿ. ಮಳೆಗಾಲದಲ್ಲಿ ಮರ ಬಿದ್ದು ತಂತಿ ಹರಿದರೆ ಎರಡು ದಿನ ಕರೆಂಟು ಇರುವುದಿಲ್ಲ. ಹಳೆಯ ಬ್ಯಾಟರಿ ಇಪ್ಪತ್ತು ನಿಮಿಷಕ್ಕೆ ಇಳಿದಿದ್ದರಿಂದ ಆನ್‌ಲೈನಿನಲ್ಲಿ ಒಬ್ಬ ಮಾರಾಟಗಾರರಿಂದ ‘ಒರಿಜಿನಲ್’ ಎಂದು ಬರೆದಿದ್ದ ಒಂದನ್ನು ಸಾವಿರದ ಒಂಬೈನೂರಕ್ಕೆ ತರಿಸಿದೆ. ಮೊದಲ ಎರಡು ತಿಂಗಳು ಮೂರೂವರೆ ಗಂಟೆ ಬಂತು. ಐದನೆಯ ತಿಂಗಳಲ್ಲಿ ಹತ್ತನೆಯ ತರಗತಿಯ ಪ್ರಶ್ನೆಪತ್ರಿಕೆ ಟೈಪ್ ಮಾಡುತ್ತಿದ್ದಾಗ 38 ಶೇಕಡಾ ತೋರಿಸುತ್ತಲೇ ತಟ್ಟನೆ ಆರಿಹೋಯಿತು. ಮರುದಿನ 41ಕ್ಕೆ, ಆಮೇಲೆ 50ಕ್ಕೆ. ಅರ್ಧ ಪುಟ ಎರಡು ಸಲ ಬರೆದೆ. ವಾಪಸ್ ಕಳಿಸುವ ಅವಧಿ ಮುಗಿದಿತ್ತು. ಎರಡು ಇಮೇಲ್ ಬರೆದರೂ ಉತ್ತರವಿಲ್ಲ. ಆ ಸಿಟ್ಟು ಇಂದಿಗೂ ಆರಿಲ್ಲ.

ಕಾರಣವನ್ನು ಹುಡುಕಿ ತಿಳಿದುಕೊಂಡೆ. ಇದರೊಳಗೆ ಆರು ಸೆಲ್‌ಗಳಿವೆ, ಎರಡೆರಡರ ಮೂರು ಜೋಡಿಗಳಾಗಿ ಸರಣಿಯಲ್ಲಿ. ಒಂದು ಜೋಡಿ ಸೊರಗಿದರೂ ಅದರ ವೋಲ್ಟೇಜ್ ಮೊದಲು ಕುಸಿಯುತ್ತದೆ, ಕಾವಲಿನ ಸರ್ಕ್ಯೂಟ್ ಇಡೀ ಬ್ಯಾಟರಿಯನ್ನೇ ಕಡಿದುಬಿಡುತ್ತದೆ. ಉಳಿದ ಎರಡು ಜೋಡಿಗಳಲ್ಲಿ ಶಕ್ತಿ ಇದ್ದರೂ ಪ್ರಯೋಜನವಿಲ್ಲ. ಹಾಗೆಂದು ಹತ್ತು ವರ್ಷ ಪೆಟ್ಟಿಗೆಯಲ್ಲೇ ಇದ್ದ ಅಸಲಿ ಬ್ಯಾಟರಿಗೂ ಆಸೆಪಡಬೇಡಿ. ಲಿಥಿಯಂ ಸೆಲ್ ಬಳಸದೆ ಇಟ್ಟರೂ ಮುದಿಯಾಗುತ್ತದೆ.

ಎರಡನೆಯದನ್ನು ಶಿವಮೊಗ್ಗದ ಅಂಗಡಿಯೊಂದರಲ್ಲಿ, ಲ್ಯಾಪ್‌ಟಾಪ್ ಜೊತೆಗೇ ಒಯ್ದು ಕೊಂಡೆ. “ಹಾಕಿ ನೋಡಿಕೊಳ್ಳಿ ಮೇಷ್ಟರೇ, ಸರಿಯಿಲ್ಲದಿದ್ದರೆ ಬೇರೆ ಕೊಡುತ್ತೇನೆ” ಎಂದರು ಅಂಗಡಿಯವರು. ಮಿಂಟ್‌ನ ಪವರ್ ಸ್ಟ್ಯಾಟಿಸ್ಟಿಕ್ಸ್ ಕಿಟಕಿಯಲ್ಲಿ ಎರಡು ಅಂಕಿಗಳಿರುತ್ತವೆ: ವಿನ್ಯಾಸದ ಸಾಮರ್ಥ್ಯ, ತುಂಬಿದಾಗ ನಿಜವಾಗಿ ಹಿಡಿಯುವುದು. ಮೊದಲು ಹಾಕಿದ ಬ್ಯಾಟರಿಯಲ್ಲಿ 57 ಮತ್ತು 44 ಬಂತು, ಬೇಡವೆಂದೆ. ಮತ್ತೊಂದರಲ್ಲಿ ಎರಡೂ 57 ವ್ಯಾಟ್-ಗಂಟೆ. ಎರಡು ಸಾವಿರದ ಆರುನೂರು ಕೊಟ್ಟು, ಆರು ತಿಂಗಳ ವಾರಂಟಿಯ ಚೀಟಿ ಬರೆಸಿಕೊಂಡೆ. ಹದಿನಾಲ್ಕು ತಿಂಗಳು ಕಳೆದಿವೆ, ಈಗ 50 ತೋರಿಸುತ್ತದೆ. ಬೆಳಕು ತಗ್ಗಿಸಿದರೆ ನಾಲ್ಕು ಗಂಟೆ ಖಂಡಿತ.

ಕರೆಂಟು ಹೋದಾಗ ಫಂಕ್ಷನ್ (Fn) ಕೀಲಿಯೊಂದಿಗೆ ಸ್ಪೇಸ್ ಒತ್ತುತ್ತೇನೆ. ಪರದೆಯ ಮೇಲಂಚಿನ ಪುಟ್ಟ ದೀಪ ಹೊತ್ತಿ ಕೀಲಿಮಣೆಯ ಮೇಲೆ ಬೆಳಕು ಬೀಳುತ್ತದೆ. ಪಕ್ಕದಲ್ಲಿಟ್ಟ ಉತ್ತರಪತ್ರಿಕೆಯನ್ನೂ ಓದಬಹುದು. ಹೊಸ ಲ್ಯಾಪ್‌ಟಾಪುಗಳಲ್ಲಿ ಈ ದೀಪವನ್ನು ನಾನು ಕಂಡಿಲ್ಲ.

ಬ್ಯಾಟರಿ ಬಾಳಲೆಂದು ದಿನವೂ 80 ಶೇಕಡಾಕ್ಕೆ ಚಾರ್ಜ್ ನಿಲ್ಲುವಂತೆ ಮಾಡಿಟ್ಟಿದ್ದೇನೆ. ಆಗುಂಬೆಯ ಕಡೆ ಮೋಡ ಕಪ್ಪಗಾದರೆ ಮಾತ್ರ ಮಿತಿ ತೆಗೆದು ನೂರಕ್ಕೆ ಏರಿಸಿ, ಗುಡುಗು ಶುರುವಾಗುವ ಮೊದಲೇ ಅಡಾಪ್ಟರ್ ಕಿತ್ತಿಡುತ್ತೇನೆ.