ಮ್ಯಾಪಿಂಗ್ ಪ್ರೆಜುಡಿಸ್: ಹಳೇ ಪತ್ರ ಓದುವ ಕೆಲಸದ ಬಗ್ಗೆ ಒಬ್ಬ ಪತ್ರ ಬರಹಗಾರನ ಮಾತು

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ‘ಮ್ಯಾಪಿಂಗ್ ಪ್ರೆಜುಡಿಸ್’ ಎಂಬ ತಂಡ ಇದೆ. 2016ರಲ್ಲಿ ಶುರುವಾದದ್ದು. ಮಿನಿಯಾಪೊಲಿಸ್ ಮತ್ತು ಸುತ್ತಲಿನ ಊರುಗಳ ಹಳೇ ಕ್ರಯಪತ್ರಗಳನ್ನು ಜನರಿಂದಲೇ ಓದಿಸುತ್ತಾರೆ. ‘ಕಪ್ಪು ಜನರಿಗೆ ಮಾರಬಾರದು’ ಎಂದು ಬರೆದಿರುವ ಸೈಟುಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಮಾಡುತ್ತಾರೆ. ಯಾರು ಬೇಕಾದರೂ ಸೇರಬಹುದು, ದುಡ್ಡು ಕೊಡಬೇಕಿಲ್ಲ. ನಾನು ತಿಪಟೂರಿನಲ್ಲಿ ಸಬ್ ರಿಜಿಸ್ಟ್ರಾರ್ ಕಚೇರಿ ಎದುರು ಪತ್ರ ಬರೆದುಕೊಂಡು ಸಂಸಾರ ನಡೆಸಿದವನು. ಮಿನಿಯಾಪೊಲಿಸ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಇದರ ಪರಿಚಯ ಆಯಿತು. ಊರಿಗೆ ಬಂದ ಮೇಲೂ ಬಿಟ್ಟಿಲ್ಲ.

ಕೆಲಸ ನಡೆಯುವುದು ಜೂನಿವರ್ಸ್ ಎಂಬ ಜಾಲತಾಣದಲ್ಲಿ. ಸ್ಕ್ಯಾನ್ ಮಾಡಿದ ಪತ್ರಗಳನ್ನು ಮೊದಲು ಕಂಪ್ಯೂಟರ್ ಜಾಲಾಡುತ್ತದೆ. ಅನುಮಾನದ ಪದ ಸಿಕ್ಕ ಪುಟ ಮಾತ್ರ ನಮ್ಮ ಮುಂದೆ ಬರುತ್ತದೆ. ಇದರಲ್ಲಿ ಜನಾಂಗದ ಷರತ್ತು ಇದೆಯೇ ಎಂದು ಕೇಳುತ್ತದೆ. ಇದ್ದರೆ ಆ ಸಾಲುಗಳನ್ನು ಹಾಗೇ ಟೈಪ್ ಮಾಡಬೇಕು. ಸೈಟ್ ನಂಬರು, ಬಡಾವಣೆ ಹೆಸರು, ತಾರೀಖು ಕೂಡ ತುಂಬಬೇಕು. ಎಷ್ಟೋ ಸಲ ‘ವೈಟ್’ ಅನ್ನುವುದು ಮಾರಿದವರ ಮನೆತನದ ಹೆಸರಾಗಿರುತ್ತದೆ. ಆಗ ಇಲ್ಲ ಎಂದು ಒತ್ತಿ ಮುಂದಕ್ಕೆ ಹೋಗುವುದು. ಒಂದೇ ಪುಟವನ್ನು ಬೇರೆ ಬೇರೆಯವರು ಓದಿ, ಉತ್ತರ ತಾಳೆ ನೋಡುವ ವ್ಯವಸ್ಥೆ ಇದೆ. ಇದು ನನಗೆ ಬಹಳ ಹಿಡಿಸಿತು. ನಮ್ಮ ಕಸುಬಿನಲ್ಲೂ ಒಬ್ಬ ಬರೆದದ್ದನ್ನು ಇನ್ನೊಬ್ಬ ಓದದೆ ನೋಂದಣಿಗೆ ಕೊಡುತ್ತಿರಲಿಲ್ಲ.

ಇನ್ನು ಪತ್ರಗಳಲ್ಲಿ ಏನಿದೆ ಅನ್ನುವುದು. ಮಿನಿಯಾಪೊಲಿಸ್‌ನಲ್ಲಿ ಇಂಥ ಮೊದಲ ಷರತ್ತು ಸಿಕ್ಕಿರುವುದು 1910ರ ಪತ್ರದಲ್ಲಿ. ಚೀನೀಯರು, ಜಪಾನೀಯರು, ತುರ್ಕರು, ನೀಗ್ರೋಗಳು ಎಂದೆಲ್ಲ ಪಟ್ಟಿ ಮಾಡಿ, ಇವರಿಗೆ ಮಾರುವಂತಿಲ್ಲ, ಅಡ ಇಡುವಂತಿಲ್ಲ, ಬಾಡಿಗೆಗೂ ಕೊಡುವಂತಿಲ್ಲ ಎಂದಿದೆ. ಪಕ್ಕದ ಈಡೈನಾದಲ್ಲಿ 1920ರ ದಶಕದಲ್ಲಿ ಕಂಟ್ರಿ ಕ್ಲಬ್ ಎಂಬ ಬಡಾವಣೆ ಆಯಿತು. ಅದರ ಷರತ್ತು ಇನ್ನೂ ಬಿಗಿ. ಬಿಳಿಯರು ಬಿಟ್ಟು ಯಾರೂ ಅಲ್ಲಿ ವಾಸ ಮಾಡಬಾರದು. ಮನೆಗೆಲಸದವರಿಗೆ ಮಾತ್ರ ವಿನಾಯಿತಿ! ಪಾತ್ರೆ ತೊಳೆಯಲು ಇರಬಹುದು, ಯಜಮಾನನಾಗಿ ಇರಬಾರದು. ಇದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ.

ನಾವು ಕ್ರಯಪತ್ರ ಬರೆಯುವಾಗ ಒಂದು ಮಾತು ತಪ್ಪದೆ ಹಾಕುತ್ತೇವೆ. ‘ನೀವು ನಿಮ್ಮ ವಂಶಪಾರಂಪರ್ಯವಾಗಿ ಅನುಭವಿಸಿಕೊಂಡು, ದಾನ ವಿನಿಮಯ ವಿಕ್ರಯಗಳಿಗೆ ಬಾಧ್ಯರಾಗಿ’ ಅಂತ. ಪೂರ್ತಿ ಹಕ್ಕು ಕೈ ಬದಲಾಯಿಸಿತು ಎಂದು ಹೇಳುವ ಸಾಲು ಅದು. ಅಲ್ಲಿನ ಪತ್ರಗಳು ಆ ಹಕ್ಕಿಗೇ ಕತ್ತರಿ ಹಾಕುತ್ತಿದ್ದವು. ಷರತ್ತು ಅಂಟಿಕೊಳ್ಳುವುದು ಮನುಷ್ಯನಿಗಲ್ಲ, ನೆಲಕ್ಕೆ. ಮೂರನೆಯವನು ಕೊಂಡರೂ, ನಾಲ್ಕನೆಯವನು ಕೊಂಡರೂ ಅದು ಜೊತೆಗೇ ಬರುತ್ತದೆ. ಹಾಗಂತ ಜಮೀನಿನ ಮೇಲೆ ಷರತ್ತು ಹಾಕುವುದೇ ಕೆಟ್ಟದ್ದು ಎಂದು ನಾನು ಹೇಳುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನನ್ನು ಸರ್ಕಾರದ ಅನುಮತಿ ಇಲ್ಲದೆ ಮಾರಬಾರದು ಎಂದು ನಮ್ಮಲ್ಲಿ 1978ರ ಪಿ.ಟಿ.ಸಿ.ಎಲ್. ಕಾಯ್ದೆ ಇದೆ. ಅದು ಬಡವರ ಕೈಯಿಂದ ಭೂಮಿ ಜಾರದಿರಲಿ ಎಂದು. ಅಲ್ಲಿನದು ಅವರ ಕೈಗೆ ಬರದೇ ಇರಲಿ ಎಂದು.

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಇಂಥ ಷರತ್ತನ್ನು ಯಾವ ನ್ಯಾಯಾಲಯವೂ ಜಾರಿ ಮಾಡುವಂತಿಲ್ಲ ಎಂದಿತು. 1953ರಲ್ಲಿ ಮಿನ್ನೆಸೋಟ ಹೊಸದಾಗಿ ಬರೆಯುವುದನ್ನು ನಿಷೇಧಿಸಿತು. 1968ರ ಕಾನೂನು ದೇಶಕ್ಕೆಲ್ಲ ಅನ್ವಯಿಸಿತು. ಅಷ್ಟರಲ್ಲಿ ಆಗುವುದೆಲ್ಲ ಆಗಿಹೋಗಿತ್ತು. ಮಿನಿಯಾಪೊಲಿಸ್ ನಗರ ಒಂದರಲ್ಲೇ ಈ ತಂಡಕ್ಕೆ 8,000ಕ್ಕೂ ಜಾಸ್ತಿ ಷರತ್ತುಗಳು ಸಿಕ್ಕಿವೆ. ನಕ್ಷೆ ತೆರೆದು ನೋಡಿ. ಮಿನ್ನೆಹಾಹಾ ಹಳ್ಳದ ದಂಡೆ, ಒಳ್ಳೊಳ್ಳೆ ಪಾರ್ಕುಗಳ ಅಕ್ಕಪಕ್ಕ ಗುರುತುಗಳು ಗುಂಪುಗುಂಪಾಗಿ ಕಾಣುತ್ತವೆ. ಇವತ್ತಿಗೂ ಮಿನಿಯಾಪೊಲಿಸ್ ಮತ್ತು ಸುತ್ತಲಿನ ಊರುಗಳನ್ನು ಒಟ್ಟಿಗೆ ನೋಡಿದರೆ, ಬಿಳಿಯ ಕುಟುಂಬಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಸ್ವಂತ ಮನೆ ಇದೆ. ಕಪ್ಪು ಕುಟುಂಬಗಳಲ್ಲಿ ಕಾಲು ಭಾಗದ ಆಸುಪಾಸು.

ಇದನ್ನು ನಾಲ್ಕು ಜನ ಪ್ರೊಫೆಸರುಗಳು ಕೂತು ಓದಿ ವರದಿ ಬರೆಯಬಹುದಿತ್ತು, ಅಲ್ವಾ? ಹಾಗೆ ಮಾಡದೇ ಇದ್ದದ್ದೇ ಇವರ ದೊಡ್ಡಗುಣ. ಚರ್ಚು, ಬಡಾವಣೆ ಸಂಘ, ಸಾರ್ವಜನಿಕ ಗ್ರಂಥಾಲಯ, ಹೀಗೆ ಜನ ಸೇರುವ ಕಡೆ ಹೋಗಿ ಜೊತೆಗೆ ಕೂರಿಸಿಕೊಂಡು ಓದಿಸುತ್ತಾರೆ. ಪಕ್ಕದ ಸೇಂಟ್ ಪಾಲ್ ನಗರ ಇರುವ ರ‍್ಯಾಮ್ಸೆ ಕೌಂಟಿಯ (ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ) ಕೆಲಸಕ್ಕೆ ಅಲ್ಲಿನ ಸೇಂಟ್ ಕ್ಯಾಥರೀನ್ ವಿಶ್ವವಿದ್ಯಾಲಯ ಕೈಜೋಡಿಸಿತು. ಮಗಳ ಜೊತೆ ನಾನೂ ಒಂದು ಗ್ರಂಥಾಲಯದಲ್ಲಿ ಕೂತಿದ್ದೆ. ಪಕ್ಕದಲ್ಲಿ ನನ್ನ ವಯಸ್ಸಿನ ಒಬ್ಬ ಹೆಂಗಸು ಇದ್ದರು. ತಾವು ಹುಟ್ಟಿ ಬೆಳೆದ ಬೀದಿಯ ಹೆಸರು ಪರದೆ ಮೇಲೆ ಬಂದಾಗ ಅವರು ತುಂಬಾ ಹೊತ್ತು ಕೀಲಿಮಣೆ ಮುಟ್ಟಲಿಲ್ಲ. ವರದಿ ಓದಿದ್ದರೆ ಹಾಗೆ ಆಗುತ್ತಿರಲಿಲ್ಲ.

ಇದರಿಂದ ಮುಂದಿನ ಕೆಲಸಗಳೂ ಆಗಿವೆ. 2019ರಿಂದ ಮಿನ್ನೆಸೋಟದಲ್ಲಿ ಮನೆ ಮಾಲೀಕರು ತಮ್ಮ ಪತ್ರದಲ್ಲಿರುವ ಷರತ್ತನ್ನು ತಿರಸ್ಕರಿಸಿ ಒಂದು ದಾಖಲೆ ನೋಂದಾಯಿಸಬಹುದು. ಹಳೇ ಪತ್ರ ಅಳಿಸಿಹೋಗುವುದಿಲ್ಲ, ಅದರ ಜೊತೆಗೆ ಇದೂ ಕೂಡುತ್ತದೆ. ಇ.ಸಿ., ಅಂದರೆ ಆಸ್ತಿಯ ಮೇಲೆ ನೋಂದಣಿಯಾದ ಪತ್ರಗಳ ಪಟ್ಟಿ ಕೊಡುವ ಋಣಭಾರ ಪತ್ರ, ತೆಗೆಸಿ ಗೊತ್ತಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ‘ಜಸ್ಟ್ ಡೀಡ್ಸ್’ ಎಂಬ ಕೂಟದ ವಕೀಲರು ಇದನ್ನು ಪುಕ್ಕಟೆ ಮಾಡಿಕೊಡುತ್ತಾರೆ. 2018ರಲ್ಲಿ ಮಿನಿಯಾಪೊಲಿಸ್ ನಗರಸಭೆ ಒಂದು ಸೈಟಿಗೆ ಒಂದೇ ಸಂಸಾರದ ಮನೆ ಎಂಬ ಕಟ್ಟುಪಾಡನ್ನು ಕೈಬಿಡಲು ತೀರ್ಮಾನಿಸಿದಾಗ, ಈ ನಕ್ಷೆಯೂ ಚರ್ಚೆಯಲ್ಲಿತ್ತು.

ಆದರೂ ಒಂದು ಕಡೆ ನನಗೆ ಸಮಾಧಾನವಿಲ್ಲ. ಪತ್ರದಲ್ಲಿ ಮಾರಿದವರು ಸಿಗುತ್ತಾರೆ, ಕೊಂಡವರು ಸಿಗುತ್ತಾರೆ. ಕೊಳ್ಳಲಾಗದೆ ವಾಪಸು ಹೋದವರ ಹೆಸರು ಯಾವ ಪತ್ರದಲ್ಲೂ ಇರುವುದಿಲ್ಲ. ಹೆಸರು ಉಳಿದಿರುವುದು ಅಪರೂಪಕ್ಕೆ. 1931ರಲ್ಲಿ ಆರ್ಥರ್ ಲೀ ಮತ್ತು ಈಡಿತ್ ಲೀ ಎಂಬ ಕಪ್ಪು ದಂಪತಿ ಮಿನಿಯಾಪೊಲಿಸ್‌ನ ಕೊಲಂಬಸ್ ಅವೆನ್ಯೂನಲ್ಲಿ ಮನೆ ಕೊಂಡರು. ಆರ್ಥರ್ ಅಂಚೆ ಇಲಾಖೆಯಲ್ಲಿದ್ದವರು, ಮೊದಲ ಮಹಾಯುದ್ಧಕ್ಕೆ ಹೋಗಿ ಬಂದವರು. ಸಾವಿರಾರು ಜನ ಮನೆ ಮುಂದೆ ಸೇರಿ ಗಲಾಟೆ ಮಾಡಿದರು. ಲೀನಾ ಆಲಿವ್ ಸ್ಮಿತ್ ಎಂಬ ಕಪ್ಪು ವಕೀಲೆ ಅವರ ಬೆನ್ನಿಗೆ ನಿಂತರು. ಆದರೂ ಕೆಲವೇ ವರ್ಷಗಳಲ್ಲಿ ಆ ಕುಟುಂಬ ಮನೆ ಬಿಟ್ಟಿತು. 2014ರಲ್ಲಿ ಆ ಮನೆ ರಾಷ್ಟ್ರೀಯ ಐತಿಹಾಸಿಕ ಸ್ಥಳಗಳ ಪಟ್ಟಿಗೆ ಸೇರಿತು. ಇವತ್ತಿನ ಮಾಲೀಕರ ಪತ್ರ ಶುದ್ಧವಾಗುವುದು ಒಳ್ಳೆಯದೇ. ಕಳೆದುಕೊಂಡವರ ಮಕ್ಕಳು ಮೊಮ್ಮಕ್ಕಳಿಗೆ ಏನು ಕೊಡಬೇಕು ಅನ್ನುವುದು ಸರ್ಕಾರಗಳು ಉತ್ತರಿಸಬೇಕಾದ ಪ್ರಶ್ನೆ. ನಕ್ಷೆ ಅಲ್ಲಿಯತನಕ ದಾರಿ ತೋರಿಸಬಲ್ಲದು, ಅಷ್ಟೇ.

ನಮ್ಮ ಊರುಗಳಲ್ಲಿ ಬಾಡಿಗೆ ಮನೆ ಕೇಳಲು ಹೋದರೆ ‘ನೀವು ಯಾವ ಜನ?’ ಎಂದು ಬಾಯಲ್ಲೇ ಕೇಳಿ, ಬಾಯಲ್ಲೇ ಕಳಿಸಿಬಿಡುತ್ತಾರೆ. ಯಾವ ರಿಜಿಸ್ಟರಿನಲ್ಲೂ ಅದು ಏರುವುದಿಲ್ಲ. ಅದರ ನಕ್ಷೆ ಮಾಡಬೇಕಾದರೆ ಪತ್ರ ಓದಿ ಆಗುವುದಿಲ್ಲ, ವಾಪಸು ಕಳಿಸಿಕೊಂಡವರನ್ನೇ ಕೇಳಬೇಕು. ನಮ್ಮ ವಿಶ್ವವಿದ್ಯಾಲಯಗಳು ಆ ಕೆಲಸಕ್ಕೆ ಕೈ ಹಾಕಲಿ ಎಂಬುದು ನನ್ನ ಆಸೆ.

ಇಂಗ್ಲಿಷ್ ಓದಲು ಬರುವ ಎಲ್ಲರಿಗೂ ಇದನ್ನು ಶಿಫಾರಸು ಮಾಡುತ್ತೇನೆ. ಕಾಲೇಜು ಹುಡುಗರಿಗಂತೂ ಖಂಡಿತ. ಮೊಬೈಲಿಗಿಂತ ದೊಡ್ಡ ಪರದೆ ವಾಸಿ, ಹಳೇ ಟೈಪ್ ಅಕ್ಷರ ಮಸುಕಾಗಿರುತ್ತದೆ. ಯಾವ ಕೌಂಟಿಯ ಪತ್ರ ಸಿಗುತ್ತದೆ ಅನ್ನುವುದು ಬದಲಾಗುತ್ತಿರುತ್ತದೆ. ಒಟ್ಟಿಗೆ ಜಾಸ್ತಿ ಹೊತ್ತು ಕೂರಬೇಡಿ, ಅದೇ ಮಾತು ಓದಿ ಓದಿ ಮನಸ್ಸು ಭಾರವಾಗುತ್ತದೆ. ಷರತ್ತು ಸಾಮಾನ್ಯವಾಗಿ ಚೆಕ್ಕುಬಂದಿ ವಿವರ ಆದ ಮೇಲೆ, ಬೇಲಿ ಎಷ್ಟು ಎತ್ತರ, ಮನೆ ಎಷ್ಟು ಹಿಂದಕ್ಕೆ ಎಂಬ ಸಾಲುಗಳ ನಡುವೆ ಸೇರಿಕೊಂಡಿರುತ್ತದೆ. ಪುಟ ಪೂರ್ತಿ ಓದಿ, ಆಮೇಲೆ ಉತ್ತರ ಒತ್ತಿ.