ಐಫೋನ್ ಆಪ್ ಮಾಡಿಸುವವರೇ, ಬೂದು ಬಣ್ಣದ ಸಾಲನ್ನು ಒಮ್ಮೆ ಒತ್ತಿ ನೋಡಿ

ಒಂದು ಕ್ಲಿನಿಕ್ಕಿನ ಅಪಾಯಿಂಟ್‌ಮೆಂಟ್ ಆಪ್ ನಮ್ಮ ಕೈಗೆ ಬರುವಾಗ ಬೇರೆ ತಂಡದವರು ಅದನ್ನು ಬರೆದು ಮುಗಿಸಿದ್ದರು. ನೋಡೋಕೆ ಚೆನ್ನಾಗಿಯೇ ಇತ್ತು. ಬುಕ್ ಆದ ಸ್ಲಾಟುಗಳೆಲ್ಲ ಬೂದು ಬಣ್ಣ. ಒತ್ತಿದರೆ ಹೈಲೈಟೂ ಆಗುತ್ತಿರಲಿಲ್ಲ. ಆದರೂ ಬೆಳಗ್ಗೆ 10.30ರ ಒಂದೇ ಸ್ಲಾಟಿಗೆ ಇಬ್ಬರು ಬಂದು ನಿಂತರು. ಇಬ್ಬರ ಫೋನಿನಲ್ಲೂ ಕನ್ಫರ್ಮ್ ಆದ ಮೆಸೇಜ್! ಬೈಸಿಕೊಂಡಿದ್ದು ಮಾತ್ರ ಪಾಪ, ಕೌಂಟರಿನಲ್ಲಿದ್ದ ಹುಡುಗಿ.

ಕೋಡ್ ತೆಗೆದು ನೋಡಿದರೆ, ಆ ಸಾಲುಗಳಿಗೆ ಸೆಲೆಕ್ಷನ್‌ಸ್ಟೈಲ್ (ಒತ್ತಿದಾಗ ಸಾಲು ಹೇಗೆ ಕಾಣಬೇಕೆಂಬ ಸೆಟ್ಟಿಂಗ್) ‘ನನ್’, ಅಂದರೆ ‘ಏನೂ ಬೇಡ’ ಅಂತ ಹಾಕಿ ಬಿಟ್ಟಿದ್ದರು, ಅಷ್ಟೇ. ಅದು ಬರೀ ತೋರಿಕೆಗೆ. ಒತ್ತಿದಾಗ ಸಾಲಿನ ಬಣ್ಣ ಬದಲಾಗುವುದಿಲ್ಲ, ಆದರೆ ಬೆರಳು ಎತ್ತಿದ ಕೂಡಲೇ ಸಾಲು ಆಯ್ಕೆಯಾದ ಮೇಲೆ ನಡೆಯುವ ಡಿಡ್‌ಸೆಲೆಕ್ಟ್‌ರೋ ಅನ್ನುವ ಕೋಡ್ ಓಡಿಯೇ ಓಡುತ್ತದೆ, ಬುಕಿಂಗ್ ಪುಟ ತೆರೆಯುತ್ತದೆ. ಅಂಗಡಿಗೆ ‘ಇಂದು ರಜೆ’ ಬೋರ್ಡ್ ಹಾಕಿ ಬಾಗಿಲು ತೆರೆದಿಟ್ಟು ಹೋದ ಹಾಗೆ.

ಇದಕ್ಕೆ ಅವರು ಹಾಕಿದ ತೇಪೆ ಇನ್ನೂ ಜಾಸ್ತಿ ಕಾಟ ಕೊಟ್ಟಿತು. ಬುಕ್ ಆದ ಸೆಲ್‌ಗೆ (ಒಂದು ಸಾಲನ್ನು ತೋರಿಸುವ ಚೌಕಕ್ಕೆ) ಒತ್ತಿದ್ದಕ್ಕೆ ಸ್ಪಂದಿಸುವ ಯೂಸರ್ ಇಂಟರ‍್ಯಾಕ್ಷನ್ ಆಫ್ ಮಾಡಿದರು. ಖಾಲಿ ಸ್ಲಾಟ್ ಬಂದಾಗ ಮತ್ತೆ ಆನ್ ಮಾಡಬೇಕು ಅಲ್ವಾ? ಅದನ್ನು ಬರೆದಿರಲಿಲ್ಲ. ಪಟ್ಟಿ ತೋರಿಸುವ ಟೇಬಲ್‌ವ್ಯೂ ಪ್ರತಿ ಸಾಲಿಗೂ ಹೊಸ ಸೆಲ್ ಮಾಡುವುದಿಲ್ಲ. ಮೇಲೆ ಸರಿದು ಮರೆಯಾದ ಸೆಲ್ಲನ್ನೇ ಕೆಳಗೆ ತಂದು ಬಳಸುತ್ತದೆ. ಹಾಗಾಗಿ ಸ್ವಲ್ಪ ಸ್ಕ್ರೋಲ್ ಮಾಡಿದರೆ ಸಂಜೆಯ ಖಾಲಿ ಸ್ಲಾಟುಗಳೂ ಎಷ್ಟು ಒತ್ತಿದರೂ ಜಪ್ಪಯ್ಯ ಅನ್ನುತ್ತಿರಲಿಲ್ಲ. ಅವರು ಟೆಸ್ಟ್ ಮಾಡಿದ್ದು ಒಂದೇ ಸ್ಕ್ರೀನಿಗೆ ಹಿಡಿಸುವ ಪುಟ್ಟ ಪಟ್ಟಿಯ ಮೇಲೆ. ಎಲ್ಲಿಂದ ಗೊತ್ತಾಗಬೇಕು?

ತಡೆಯುವ ಜಾಗ ಡೆಲಿಗೇಟಿನಲ್ಲಿದೆ, ಅಂದರೆ ಸಾಲು ಒತ್ತಿದಾಗ ಏನಾಗಬೇಕೆಂದು ಟೇಬಲ್‌ವ್ಯೂ ಕೇಳುವ ಕೋಡಿನಲ್ಲಿ. ಆಯ್ಕೆಗೆ ಮೊದಲು ಓಡುವ ವಿಲ್‌ಸೆಲೆಕ್ಟ್‌ರೋ ಒಳಗೆ ಬುಕ್ ಆದ ಸಾಲಿಗೆ ‘ನಿಲ್’ (ಏನೂ ಇಲ್ಲ) ವಾಪಸ್ ಕೊಡಿ, ಆಯ್ಕೆ ಅಲ್ಲಿಗೇ ಮುಗಿಯಿತು. ಬೆರಳಿಟ್ಟಾಗ ಹೈಲೈಟ್ ಆಗುವುದೂ ಬೇಡವಾದರೆ ಶುಡ್‌ಹೈಲೈಟ್‌ರೋದಲ್ಲಿ ‘ಫಾಲ್ಸ್’ ಕೊಡಿ. ಎರಡರಲ್ಲೂ ಸೆಲ್ ನೋಡಬೇಡಿ, ಡೇಟಾ ನೋಡಿ ತೀರ್ಮಾನಿಸಿ. ಆಗ ಸೆಲ್ ಎಷ್ಟು ಸಲ ಮರುಬಳಕೆಯಾದರೂ ತೊಂದರೆ ಇಲ್ಲ. ಸ್ಕ್ರೀನ್ ಓದಿ ಹೇಳುವ ವಾಯ್ಸ್‌ಓವರ್ ಬಳಸುವವರಿಗೆ ಬೂದು ಬಣ್ಣ ಕಾಣುವುದಿಲ್ಲ, ಅವರಿಗಾಗಿ ಸೆಲ್‌ಗೆ ‘ನಾಟ್ ಎನೇಬಲ್ಡ್’ ಅನ್ನುವ ಆಕ್ಸೆಸಿಬಿಲಿಟಿ ಟ್ರೇಟ್ (ವಾಯ್ಸ್‌ಓವರ್‌ಗೆ ಗುರುತು) ಸೇರಿಸಿ.

ಇನ್ನೊಂದು. ಬೆರಳಿನಿಂದಲ್ಲದೆ ಕೋಡಿನಿಂದಲೇ ಸೆಲೆಕ್ಟ್‌ರೋ ಕರೆದು ಸಾಲು ಆರಿಸಿದರೆ ವಿಲ್‌ಸೆಲೆಕ್ಟ್‌ರೋಗೆ ಸುದ್ದಿಯೇ ಹೋಗುವುದಿಲ್ಲ. ಈ ಆಪ್ ಪುಟ ತೆರೆದೊಡನೆ ಮೊದಲ ಸ್ಲಾಟನ್ನು ತಾನೇ ಆರಿಸಿಕೊಳ್ಳುತ್ತಿತ್ತು, ಅದು ಬುಕ್ ಆಗಿದ್ದರೂ!

ಇಷ್ಟೆಲ್ಲ ಸರಿಮಾಡಿದರೂ ಸರ್ವರಿನಲ್ಲಿ ಮತ್ತೊಮ್ಮೆ ತಪಾಸಣೆ ಬೇಕೇ ಬೇಕು. ಒಬ್ಬರು ಪಟ್ಟಿ ತೆರೆದಿಟ್ಟು ಯೋಚಿಸುವಷ್ಟರಲ್ಲಿ ಇನ್ನೊಬ್ಬರು ಅದೇ ಸ್ಲಾಟ್ ಬುಕ್ ಮಾಡಿರುತ್ತಾರೆ. ಈ ಆಪಿನ ಸರ್ವರ್ ಸುಮ್ನೆ ಬಂದಿದ್ದನ್ನೆಲ್ಲ ಬರೆದುಕೊಳ್ಳುತ್ತಿತ್ತು.