ಉಣಕಲ್ ಕಡೆ ಲೀಸಿಗೆ ಮನೆ ನೋಡುತ್ತಿದ್ದೀರಾ? ಮೊದಲು ಇದನ್ನು ಓದಿ

ಹೋದ ಭಾನುವಾರ ಹುಬ್ಬಳ್ಳಿಯ ಉಣಕಲ್ ಕಡೆ ಕೆಲಸವಿತ್ತು. ಗಾಡಿ ತಿರುಗಿಸುವಾಗ ನಾನು ಮೊದಲಿದ್ದ ಮನೆಯ ಗೇಟು ಕಣ್ಣಿಗೆ ಬಿತ್ತು. ಮತ್ತೆ ಬೋರ್ಡ್ ತೂಗುಹಾಕಿದ್ದಾರೆ, 'ಮನೆ ಲೀಸಿಗೆ ಇದೆ'. ಅದೇ ರಟ್ಟು, ಅದೇ ಕೆಂಪು ಅಕ್ಷರ. ಇಷ್ಟು ದಿನ ನಾಚಿಕೆಯಿಂದ ಸುಮ್ಮನಿದ್ದೆ. ಇನ್ನೂ ಸುಮ್ಮನಿದ್ದರೆ ಇನ್ನೊಬ್ಬರು ಸಿಕ್ಕಿಬೀಳುತ್ತಾರೆ.

ನನ್ನ ಡಿವೋರ್ಸ್ ಆಗಿ ಎರಡು ವರ್ಷ ಆಗುತ್ತ ಬಂತು. ಇಬ್ಬರೂ ಒಪ್ಪಿ ತೆಗೆದುಕೊಂಡಿದ್ದು, ಆ ಕಥೆ ಇಲ್ಲಿ ಬೇಡ. ಒಂಬತ್ತು ವರ್ಷದ ಮಗಳು ಧಾರವಾಡದಲ್ಲಿ ತಾಯಿ ಜೊತೆ ಇದ್ದಾಳೆ. ತಿಂಗಳಿಗೆ ಎರಡು ಶನಿವಾರ ನನ್ನ ಹತ್ತಿರ ಬಂದು ರಾತ್ರಿ ಉಳಿದು, ಭಾನುವಾರ ಸಂಜೆ ವಾಪಸ್ ಹೋಗಬೇಕು ಎಂದು ಕೋರ್ಟಿನಲ್ಲಿ ಮಾತಾಗಿತ್ತು. ಆದರೆ ರಾತ್ರಿ ಉಳಿಯಬೇಕಾದರೆ ಮಗುವಿಗೆ ತಕ್ಕ ಮನೆ ಇರಬೇಕು ಎಂಬ ಒಂದು ಸಾಲೂ ಇತ್ತು. ನಾನಾಗ ಗೋಕುಲ ರೋಡ್ ಹತ್ತಿರ ಗೆಳೆಯನ ರೂಮಿನಲ್ಲಿ ಚಾಪೆ ಹಾಸಿಕೊಂಡು ಮಲಗುತ್ತಿದ್ದೆ.

ಹುಬ್ಬಳ್ಳಿಯಲ್ಲಿ ಒಂಟಿ ಗಂಡಸು ಮನೆ ಹುಡುಕಿ ನೋಡಬೇಕು. "ಫ್ಯಾಮಿಲಿ ಏನ್ರಿ?" "ಮಗಳು ಬರ್ತಾಳ್ರಿ, ತಿಂಗಳಿಗೆ ಎರಡು ಸಲ." "ಮತ್ತ ಮನಿಯವರು?" ಅಲ್ಲಿಗೆ ಮಾತು ನಿಲ್ಲುತ್ತದೆ. ವಿದ್ಯಾನಗರದಲ್ಲಿ ಒಬ್ಬರು ಕೋರ್ಟ್ ಆರ್ಡರಿನ ಜೆರಾಕ್ಸ್ ಕೇಳಿದರು. ಕೇಶ್ವಾಪುರದಲ್ಲಿ ಇನ್ನೊಬ್ಬರು ಚಹಾ ಕೊಟ್ಟು, ಎಲ್ಲ ವಿಚಾರಿಸಿ, ಕೊನೆಗೆ "ಮನ್ಯಾಗ ಕೇಳಿ ಹೇಳ್ತೀವ್ರಿ" ಎಂದರು. ಇನ್ನೂ ಕೇಳುತ್ತಲೇ ಇದ್ದಾರೆ.

ಆಗ ಸಿಕ್ಕಿದ್ದು ಬ್ರೋಕರ್. ನನ್ನ ಮೊದಲನೇ ತಪ್ಪು, ಅವನ ಮುಂದೆ ಎಲ್ಲ ಬಿಚ್ಚಿ ಹೇಳಿದ್ದು. ಮಗಳು ಬರುವ ತಾರೀಕು, ಕೈಯಲ್ಲಿರುವ ದುಡ್ಡು, ಎಷ್ಟು ಕಡೆ ಇಲ್ಲ ಅನಿಸಿಕೊಂಡೆ ಅನ್ನುವುದು, ಎಲ್ಲಾ. ಅವನು ಬೈಕ್ ಮೇಲೆ ಕೂತೇ ಹೇಳಿದ: "ಒಬ್ಬ ಗಂಡಸರಿಗೆ ಇಲ್ಲಿ ಯಾರೂ ಮನಿ ಕೊಡಂಗಿಲ್ರಿ ಸರ್. ಇವ್ರು ಭಾಳ ಛಲೋ ಮಂದಿ ಅದಾರ, ಏನೂ ಕೇಳಂಗಿಲ್ಲ. ಆದ್ರ ನಾಳೆ ಇನ್ನೊಂದು ಪಾರ್ಟಿ ನೋಡಾಕ ಬರಾಕತ್ತೈತಿ."

ಏನೂ ಕೇಳುವುದಿಲ್ಲ ಅನ್ನುವುದೇ ಆಗ ನನಗೆ ದೊಡ್ಡ ಉಪಕಾರದಂತೆ ಕಂಡಿತು. ಅವರು ಏನೂ ಕೇಳಲಿಲ್ಲ. ನಾನೂ ಏನೂ ಕೇಳಲಿಲ್ಲ.

ಮನೆ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ. ಮೇಲಿನ ಮಹಡಿ, ಎರಡು ರೂಮು, ಹುಬ್ಬಳ್ಳಿ-ಧಾರವಾಡ ನಡುವೆ ಓಡಾಡುವ ಚಿಗರಿ ಬಸ್ಸಿನ ಸ್ಟಾಪಿನಿಂದ ನಡೆದು ಹೋಗುವಷ್ಟು ಹತ್ತಿರ. ಮಗಳನ್ನು ಧಾರವಾಡದಿಂದ ಚಿಗರಿಯಲ್ಲೇ ಕರೆದುಕೊಂಡು ಬರಬಹುದು. ನಮ್ಮೂರ ಅಭ್ಯಾಸದಂತೆ ನಾನು ಮೊದಲು ನೋಡಿದ್ದು ನೀರು. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ, ಕೆಳಗಿನ ಟಾಕಿ ಎಷ್ಟು ದೊಡ್ಡದು, ಮೋಟಾರ್ ಯಾರದು. ಮೇಲೆ ಹತ್ತಿ ಸಿಂಟೆಕ್ಸ್ ಟ್ಯಾಂಕ್ ಬಡಿದೂ ನೋಡಿದೆ. ಟ್ಯಾಂಕಿಗೆ ಕೊಟ್ಟಷ್ಟು ಗಮನ ಕಾಗದಪತ್ರಕ್ಕೆ ಕೊಡಲಿಲ್ಲ.

ಮೂರು ವರ್ಷಕ್ಕೆ ಆರು ಲಕ್ಷ ಲೀಸು. ಬಾಡಿಗೆ ಇಲ್ಲ, ಖಾಲಿ ಮಾಡುವಾಗ ಪೂರ್ತಿ ವಾಪಸ್. ಪಿಎಫ್ ತೆಗೆದೆ, ಗೆಳೆಯನ ಹತ್ತಿರ ಸ್ವಲ್ಪ ಸಾಲ ಮಾಡಿದೆ. ಮಾಲೀಕರು ನಾಲ್ಕು ಲಕ್ಷ ಬ್ಯಾಂಕಿಗೆ ಹಾಕಿ, ಎರಡು ಲಕ್ಷ ಕೈಗೆ ಕೊಡಿ ಎಂದರು. ಕರಾರು ಪತ್ರದಲ್ಲಿ ನಾಲ್ಕೇ ಬರೆಸೋಣ, "ಟ್ಯಾಕ್ಸ್ ಕಿರಿಕಿರಿ ಯಾಕ್ರಿ" ಅಂತ. 2017ರಿಂದಲೇ ಎರಡು ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ, ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಅಕೌಂಟ್ಸ್ ಕೆಲಸ ಮಾಡುವ ನನಗೆ ಇದು ಗೊತ್ತಿತ್ತು. ಗೊತ್ತಿದ್ದೂ ಕೊಟ್ಟೆ.

ಮನೆಯ ಪತ್ರ ತೋರಿಸಿ ಎಂದು ಒಂದೇ ಒಂದು ಸಲ ಕೇಳಿದೆ. ಪ್ಲಾಸ್ಟಿಕ್ ಫೈಲಿನಿಂದ ಜೆರಾಕ್ಸ್ ತೆಗೆದು ಕೊಟ್ಟರು. ಖರೀದಿ ಪತ್ರ, ಪಾಲಿಕೆ ತೆರಿಗೆ ರಸೀದಿ, ಹೆಸ್ಕಾಂ ಕರೆಂಟ್ ಬಿಲ್ಲು, ಎಲ್ಲವೂ ಅವರ ಹೆಸರಿನಲ್ಲೇ ಇತ್ತು. "ಒರಿಜಿನಲ್?" ಎಂದೆ. "ಲಾಕರ್‌ನ್ಯಾಗ ಅದಾವ್ರಿ, ಮನ್ಯಾಗ ಇಟ್ಕೊಳ್ಳಾಕ ಆಗ್ತೈತೇನ್ರಿ?" ಎಂದರು. ಸರಿ ಅನಿಸಿತು. ಪತ್ರ ಬ್ಯಾಂಕಿನಲ್ಲೇ ಇತ್ತು ನಿಜ, ಆದರೆ ಲಾಕರಿನಲ್ಲಲ್ಲ, ಸಾಲದ ಫೈಲಿನಲ್ಲಿ.

ಸ್ಟ್ಯಾಂಪ್ ಪೇಪರ್ ಮೇಲೆ ಟೈಪ್ ಮಾಡಿಸಿ, ನೋಟರಿ ಸೀಲ್ ಹಾಕಿಸಿ, ಪೇಢೆ ಹಂಚಿದೆವು.

ಮೊದಲ ಶನಿವಾರ ಮಗಳು ಬಂದಾಗ ಅವಳ ರೂಮಿಗೆ ಅವಳೇ ಬಣ್ಣ ಆರಿಸಿದಳು, ಎಳೆ ಹಸಿರು. ದುರ್ಗದಬೈಲಿನಿಂದ ಕತ್ತಲಲ್ಲಿ ಹೊಳೆಯುವ ನಕ್ಷತ್ರದ ಸ್ಟಿಕರ್ ತಂದಿದ್ದೆವು. ನನ್ನ ಹೆಗಲ ಮೇಲೆ ಕೂತು ಒಂದೊಂದಾಗಿ ಛತ್ತಿಗೆ ಅಂಟಿಸಿದಳು. ಒಟ್ಟು ನಲವತ್ತೆರಡು. ಒಂದು ಸೊಟ್ಟಗಾಯಿತು ಎಂದು ಕಿತ್ತು ಮತ್ತೆ ಹಚ್ಚಿದ್ದರಿಂದ ಅಲ್ಲಿ ಸ್ವಲ್ಪ ಸುಣ್ಣ ಕಿತ್ತು ಬಂದಿತ್ತು. ರಾತ್ರಿ ಲೈಟ್ ಆರಿಸಿ ಇಬ್ಬರೂ ನೆಲದ ಮೇಲೆ ಮಲಗಿ ನೋಡಿದೆವು. ಡಿವೋರ್ಸ್ ಆದಮೇಲೆ ನಾನು ಸರಿಯಾಗಿ ನಿದ್ದೆ ಮಾಡಿದ್ದು ಅವತ್ತೇ.

ಐದನೇ ತಿಂಗಳು. ಅವತ್ತೂ ಶನಿವಾರ. ಗಿರ್ಮಿಟ್ ಕಟ್ಟಿಸಿಕೊಂಡು ಇಬ್ಬರೂ ಮನೆಗೆ ಬಂದರೆ ಗೇಟಿನ ಪಕ್ಕದ ಗೋಡೆಗೆ ಒಂದು ಹಾಳೆ ಅಂಟಿಸಿದ್ದರು. ಗೋಂದು ಇನ್ನೂ ಹಸಿಯಾಗಿತ್ತು. ಕೆಳಗೆ ನೀಲಿ ಸೀಲು. ಮಗಳು ಇಂಗ್ಲಿಷ್ ಮೀಡಿಯಂ, ನನಗಿಂತ ಮೊದಲು ಓದಿದಳು. "ಪಪ್ಪಾ, ಪೊಸೆಷನ್ ಅಂದ್ರ ಏನು? ದೆವ್ವ ಹೊಕ್ಕೊಳ್ಳೋದಾ?"

ವಕೀಲರ ಹತ್ತಿರ ಹೋದಮೇಲೆ ಅರ್ಥವಾದದ್ದು ಇಷ್ಟು. ಮಾಲೀಕರು ಮನೆ ಮೇಲೆ ಸಾಲ ತೆಗೆದು ಕಂತು ಕಟ್ಟಿರಲಿಲ್ಲ. ಬ್ಯಾಂಕುಗಳು ಬಾಕಿ ಸಾಲ ವಸೂಲಿ ಮಾಡುವ 2002ರ ಸರ್ಫೇಸಿ ಕಾಯ್ದೆ ಪ್ರಕಾರ ಬ್ಯಾಂಕು ಮೊದಲು 60 ದಿನದ ನೋಟಿಸ್ ಕೊಡುತ್ತದೆ. ಆಮೇಲೂ ಕಟ್ಟದಿದ್ದರೆ ಸ್ವಾಧೀನದ, ಅಂದರೆ ಪೊಸೆಷನ್ ನೋಟಿಸ್ ಹಚ್ಚುತ್ತದೆ, ಪೇಪರಿನಲ್ಲೂ ಹಾಕಿಸುತ್ತದೆ. ಮೊದಲ ನೋಟಿಸ್ ಕೈಗೆ ಬಂದ ಮೇಲೆ, ಬ್ಯಾಂಕು ಬರೆದು ಒಪ್ಪಿಗೆ ಕೊಡದೆ ಮಾಲೀಕರು ಆ ಮನೆಯನ್ನು ಲೀಸಿಗೆ ಕೊಡುವಂತೆಯೇ ಇಲ್ಲ. ನನ್ನ ಕರಾರು ಪತ್ರದ ತಾರೀಕು ಆ ನೋಟಿಸಿಗಿಂತ ಹದಿನೆಂಟು ದಿನ ಆಮೇಲಿನದು. ಅಂದರೆ ನನ್ನ ದುಡ್ಡು ತೆಗೆದುಕೊಳ್ಳುವಾಗ ಅವರಿಗೆ ಎಲ್ಲ ಗೊತ್ತಿತ್ತು. ಪೇಢೆಯನ್ನೂ ತಿಂದರು.

"ನಾನು ಬಾಡಿಗೆದಾರ ಅಲ್ವಾ ಸರ್, ನನಗೇನೂ ಹಕ್ಕಿಲ್ವಾ?" ಎಂದೆ. ಬಾಡಿಗೆದಾರರೂ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಬಹುದಂತೆ, ಆದರೆ ಅದು ಇರುವುದು ಬೆಂಗಳೂರಿನಲ್ಲಿ. ಅಲ್ಲಿಗೆ ಹೋದರೂ ತೋರಿಸಲು ನನ್ನ ಹತ್ತಿರ ಏನಿತ್ತು? ಒಂದು ವರ್ಷಕ್ಕಿಂತ ಜಾಸ್ತಿ ಅವಧಿಯ ಲೀಸ್ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಲೇಬೇಕು. ನನ್ನದು ನೋಟರಿ. ವಕೀಲರು ಆ ಹಾಳೆಯನ್ನು ತಿರುಗಿಸಿ ನೋಡಿ, ನನ್ನ ಕಡೆಗೇ ಮೆಲ್ಲಗೆ ಸರಿಸಿದರು.

ದಯವಿಟ್ಟು ಇದನ್ನು ನೆನಪಿಡಿ. ದುಡ್ಡು ಕೊಡುವ ಮೊದಲು ನೋಂದಣಿ ಇಲಾಖೆಯ ಕಾವೇರಿ ಪೋರ್ಟಲಿನಲ್ಲಿ ಇಸಿ, ಅಂದರೆ ಆಸ್ತಿ ಮೇಲಿನ ಋಣಭಾರ ತೋರಿಸುವ ಪತ್ರ ತೆಗೆಸಿ. ಆದರೆ ಇಸಿ ಕ್ಲಿಯರ್ ಇದೆ ಅಂತ ಕಣ್ಣು ಮುಚ್ಚಬೇಡಿ. ಮೂಲ ಪತ್ರಗಳನ್ನು ಬ್ಯಾಂಕಿಗೆ ಒಪ್ಪಿಸಿ ತೆಗೆದ ಸಾಲ ಕೆಲವು ಸಲ ಇಸಿಯಲ್ಲಿ ಕಾಣುವುದೇ ಇಲ್ಲ. ಅದಕ್ಕೇ ಒರಿಜಿನಲ್ ಖರೀದಿ ಪತ್ರವನ್ನು ಕೈಯಲ್ಲಿ ಹಿಡಿದು ನೋಡಿ. ಲಾಕರ್ ಅಂದರೆ "ನಡೀರಿ, ನಾನೂ ಬರ್ತೀನಿ" ಅನ್ನಿ. ಬ್ಯಾಂಕುಗಳು ಅಡವಿಟ್ಟುಕೊಂಡ ಆಸ್ತಿಗಳ ದಾಖಲೆ ಸೆರ್ಸಾಯಿ ಎಂಬ ಕೇಂದ್ರ ನೋಂದಣಿಯಲ್ಲಿ ಇರುತ್ತದೆ, ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಲೀಸನ್ನು ರಿಜಿಸ್ಟರ್ ಮಾಡಿಸಿ. ಖರ್ಚು ಬರುತ್ತದೆ, ಬರಲಿ. ಮಾಲೀಕರು ಬೇಡ ಅಂದರೆ ಆ ಮನೆಯೇ ಬೇಡ. ಕೈಯಲ್ಲಿ ಒಂದು ರೂಪಾಯಿಯನ್ನೂ ಕೊಡಬೇಡಿ.

ಆಮೇಲೆ ಅಕ್ಕಪಕ್ಕದವರನ್ನು ಮಾತಾಡಿಸಿ. ನಾನು ಗಂಟುಮೂಟೆ ಕಟ್ಟುವ ದಿನ ಎದುರು ಮನೆಯ ಕಾಕು ಕಟ್ಟೆಯ ಮೇಲೆ ಕೂತು ಹೇಳಿದರು: "ನಿಮ್ಮಕಿಂತ ಮೊದ್ಲು ಇದ್ದವ್ರೂ ರೊಕ್ಕದ ಸಲುವಾಗಿ ಜಗಳಾ ಮಾಡೇ ಹೋದ್ರಪಾ. ನೀವು ಕೇಳಲಿಲ್ಲ, ನಾ ಹೆಂಗ ಹೇಳಲಿ?" ನೀರು ಯಾವಾಗ ಬರುತ್ತದೆ ಎಂದು ಅವರನ್ನೇ ಹತ್ತು ಸಲ ಕೇಳಿದ್ದೆ.

ದುಡ್ಡಿನ ವಿಷಯ. ಪೊಲೀಸರು ಮೊದಲು ಸಿವಿಲ್ ಮ್ಯಾಟರ್ ಎಂದರು. ವಕೀಲರ ನೋಟಿಸ್ ಹೋದಮೇಲೆ ಒಂದೂವರೆ ಲಕ್ಷ ಮೂರು ಕಂತಿನಲ್ಲಿ ಬಂತು, ಅಲ್ಲಿಗೆ ನಿಂತಿತು. ಕೈಯಲ್ಲಿ ಕೊಟ್ಟ ಎರಡು ಲಕ್ಷ ಕೇಳಿದರೆ "ಯಾವ ಎರಡು ಲಕ್ಷರಿ?" ಅಂತಾರೆ.

ಅದಕ್ಕಿಂತ ಜಾಸ್ತಿ ಹೋದದ್ದು ಬೇರೆ. ಮಗಳು ಮನೆಗೆ ಹೋಗಿ ನೋಟಿಸಿನ ಕಥೆ ಹೇಳಿದ್ದಳು, ಮಕ್ಕಳು ಹೇಳದೆ ಇರುತ್ತಾರಾ. ಅವಳ ತಾಯಿ ಫೋನ್ ಮಾಡಿ, "ಎಲ್ಲಾ ಸರಿ ಆಗೋತನಕ ರಾತ್ರಿ ಕಳಿಸೋದು ಬ್ಯಾಡ" ಎಂದರು. ಕೂಗಾಡಲಿಲ್ಲ. ಕೂಗಾಡಿದ್ದರೆ ನನಗೂ ವಾದ ಮಾಡಲು ಬರುತ್ತಿತ್ತು. ಮೂರೂವರೆ ತಿಂಗಳು ನಾನು ಮಗಳನ್ನು ಭೇಟಿ ಮಾಡಿದ್ದು ಇಂದಿರಾ ಗಾಜಿನ ಮನೆಯ ಗಾರ್ಡನ್ನಿನಲ್ಲಿ, ಡಬ್ಬಿಯಲ್ಲಿ ಅವಲಕ್ಕಿ ಕಟ್ಟಿಕೊಂಡು ಹೋಗಿ. ಒಂದು ದಿನ ಅವಳೇ ಅಂದಳು, "ಇದೂ ಮನೀನ ಅಲ್ಲಾ ಪಪ್ಪಾ, ಗಾಜಿನ ಮನಿ."

ಈಗ ಹಳೇ ಹುಬ್ಬಳ್ಳಿಯಲ್ಲಿ ಒಂದು ರೂಮು, ಒಂದು ಅಡುಗೆಮನೆ. ಬಾಡಿಗೆಗೆ. ಓನರ್ ಅಜ್ಜಿ ಪತ್ರ ಕೇಳಿದ್ದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಟ್ರಂಕಿನಿಂದ ಅರಿವೆಗಂಟು ತೆಗೆದು ಬಿಚ್ಚಿಟ್ಟರು. ಡಾಂಬರ್ ಗುಳಿಗೆಯ ವಾಸನೆ ಹೊಡೆಯುತ್ತಿತ್ತು. ಬಾಡಿಗೆಗೆ ಇಷ್ಟೆಲ್ಲ ನೋಡುವುದು ಬೇಕಿರಲಿಲ್ಲ, ಆದರೂ ಪ್ರತಿ ಹಾಳೆ ನೋಡಿದೆ. ಮಗಳು ಮತ್ತೆ ರಾತ್ರಿ ಉಳಿಯುತ್ತಿದ್ದಾಳೆ.

ಆ ಮನೆಯ ಮಾಲೀಕರು ಬ್ಯಾಂಕಿಗೆ ಏನೋ ಸ್ವಲ್ಪ ಕಟ್ಟಿ ಟೈಮ್ ತೆಗೆದುಕೊಂಡಿದ್ದಾರೆ ಎಂದು ಕೇಳಿದೆ. ಗೋಡೆಯ ಮೇಲಿನ ಹಾಳೆ ಕಿತ್ತು ಪೇಂಟ್ ಹೊಡೆದಿದ್ದಾರೆ. ಹೆಸರು, ಅಡ್ರೆಸ್ ಇಲ್ಲಿ ಬರೆಯಬೇಡಿ, ಕೇಸಿಗೆ ತೊಂದರೆ ಎಂದು ವಕೀಲರು ಹೇಳಿದ್ದಾರೆ. ಉಣಕಲ್ ಕಡೆ ಮೇಲಿನ ಮಹಡಿಯ ಮನೆ ಲೀಸಿಗೆ ನೋಡಲು ಹೋದರೆ, ಒಳಗಿನ ಸಣ್ಣ ರೂಮಿನ ಕಿಟಕಿ ಮುಚ್ಚಿ, ಲೈಟ್ ಆರಿಸಿ ಮೇಲೆ ನೋಡಿ. ನಕ್ಷತ್ರ ಹೊಳೆದರೆ ಅದೇ ಮನೆ.